ಎರಡನೆಯ ಚುಚ್ಚು

ನಟರಾಜುವಿನ ವ್ಯಾನು ಗೇಟಿನೊಳಕ್ಕೆ ತಿರುಗುವಾಗ ಸಣ್ಣದೊಂದು ಹಾರನ್ ಹೊಡೆಯುತ್ತಿತ್ತು. ಗೇಟು ಯಾವಾಗಲೂ ತೆರೆದೇ ಇರುತ್ತಿದ್ದುದರಿಂದ ಅದರ ಅಗತ್ಯವೇನೂ ಇರಲಿಲ್ಲ. ಆದರೂ ಕೊಳ್ಳೇಗಾಲದ ಆ ನರ್ಸಿಂಗ್ ಹೋಮಿನ ಮುಂದಿನ ಕೋಣೆಯಲ್ಲಿ ಕೂತ ಡಾಕ್ಟರ್ ಶಾಂತಮೂರ್ತಿ ಬೆಳಗಿನಿಂದ ಕಿವಿಗೊಟ್ಟು ಕಾಯುತ್ತಿದ್ದುದು ಆ ಹಾರನ್ನಿಗಾಗಿಯೇ. ಎದುರಿಗೆ ಮಂಡಿನೋವಿನ ಹೆಂಗಸೊಬ್ಬಳು ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆಂಬುದನ್ನು ಸೀರೆಯ ಮೇಲೆ ಬೆರಳೆಳೆದು ತೋರಿಸುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ರಸ್ತೆಯಲ್ಲಿ ಮಾದಪ್ಪನ ಮಲೆಯ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ರೇಷ್ಮೆಗೂಡಿನ ಚೀಲ ಹೇರಿಕೊಂಡ ಆಟೋ, ಒಂದೊಂದನ್ನೂ ಸದ್ದಿನಿಂದಲೇ ಗುರುತಿಸಿ ಇದಲ್ಲ, ಇದಲ್ಲ ಎಂದು ಬಿಟ್ಟುಬಿಡುತ್ತಿದ್ದ. ಆ ವ್ಯಾನು ಬರಬೇಕೆಂದರೆ ಹನೂರಿನ ಕಡೆ ಯಾರಿಗೋ ಉಸಿರು ಕೆಟ್ಟಿರಬೇಕು, ಯಾರದೋ ರಕ್ತ ಹುಳಿಯಾಗಿರಬೇಕು. ಇದು ಗೊತ್ತಿದ್ದೂ ಬರಲಿ ಎಂದು ಬಯಸುವ ತಾನು ಎಂಥ ವೈದ್ಯ ಎಂದು ಅವನು ಹಲವು ಸಲ ತನ್ನನ್ನೇ ಕೇಳಿಕೊಂಡಿದ್ದ. ಕೇಳಿಕೊಂಡ ಮೇಲೂ ಕಿವಿ ರಸ್ತೆಯ ಮೇಲೆಯೇ ಇರುತ್ತಿತ್ತು.

ಇವತ್ತು ಬಾರದಿದ್ದರೆ ಇನ್ನು ಬರುವುದೇ ಇಲ್ಲ. ಹನೂರಿನಾಚೆ ಬೆಟ್ಟದ ದಾರಿಯಲ್ಲಿರುವ ವ್ಯಾನಿನ ಆ ಸಣ್ಣ ಆಸ್ಪತ್ರೆಗೆ ರಕ್ತದ ಹುಳಿ ಅಳೆಯುವ ಸ್ವಂತ ಮಿಶನ್ ಬಂದಿಳಿದಿದೆಯೆಂದೂ, ಮೈಸೂರಿನಿಂದ ಇಂಜಿನಿಯರು ಬಂದು ಜೋಡಿಸುತ್ತಿದ್ದಾನೆಂದೂ, ನಾಳೆಯಿಂದ ರಕ್ತ ಹೊತ್ತುಕೊಂಡು ಓಡಾಡುವ ಕಷ್ಟ ತನಗೆ ತಪ್ಪಿತೆಂದೂ ನಟರಾಜು ಹೋದ ಸಲವೇ ನಗುನಗುತ್ತಾ ಹೇಳಿ ಹೋಗಿದ್ದ. ಅಲ್ಲಿಯವರೆಗೆ ಅಲ್ಲಿನ ರೋಗಿಗಳ ಮಣಿಕಟ್ಟಿನ ಆಳದ ನಾಳದಿಂದ ತೆಗೆದ ರಕ್ತ, ಸಿರಿಂಜಿನ ಸಮೇತ, ಅಗಲ ಬಾಯಿಯ ಒಂದು ಸ್ಟೀಲ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆಯ ನಡುವೆ ಕೂತು ಕೊಳ್ಳೇಗಾಲಕ್ಕೆ ಬರುತ್ತಿತ್ತು. ಮಂಜುಗಡ್ಡೆ ಸಿಗದ ದಿನ ನಟರಾಜು ದಾರಿಯಂಗಡಿಯಿಂದ ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿ ತೆಗೆದುಕೊಂಡು ಸುತ್ತಲೂ ತುರುಕುತ್ತಿದ್ದ. ಸಿರಿಂಜಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಂಟಂಟಾಗಿ, ಸಕ್ಕರೆಯ ವಾಸನೆ ಹೊತ್ತು ಬರುತ್ತಿತ್ತು. ಆ ಹೊದಿಕೆಯ ಮೇಲೆ ರೋಗಿಯ ಹೆಸರು, ಊರು, ವಯಸ್ಸು ಅಲ್ಲಿನ ಡಾಕ್ಟರ್ ಜ್ಯೋತಿಲಕ್ಷ್ಮಿಯ ಬರಹದಲ್ಲಿರುತ್ತಿದ್ದವು. ಜೊತೆಗೆ ಓದುವ ಕಾಲದಲ್ಲೂ ಬಲಕ್ಕೆ ವಾಲುತ್ತಿದ್ದ ಅದೇ ಅಕ್ಷರ, ಕೊನೆಯ ಅಕ್ಷರಕ್ಕೆ ಬಾಲ ಎಳೆಯುವ ಅದೇ ಅಭ್ಯಾಸ. ಮಿಶನ್ ಅಂಕಿ ಉಗುಳಿದ ಮೇಲೆ ಅವನು ಫೋನು ಮಾಡುತ್ತಿದ್ದ. ಅವನು ಅಂಕಿ ಹೇಳುತ್ತಿದ್ದ, ಅವಳು ಸರಿ ಎನ್ನುತ್ತಿದ್ದಳು. ಹೊಟ್ಟೆ ಉಬ್ಬಿದವರ, ಕಿಡ್ನಿ ಕೈಕೊಟ್ಟವರ, ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರ ರಕ್ತದ ಹುಳಿ ಒಗರುಗಳ ಬಗ್ಗೆ ಇಷ್ಟು ವರ್ಷ ಇಬ್ಬರೂ ಮಾತಾಡಿದ್ದರು. ಬೇರೆ ಯಾವುದರ ಬಗ್ಗೆಯೂ ಮಾತಾಡಿರಲಿಲ್ಲ.

ಮಂಡಿನೋವಿನವಳು ಎದ್ದುಹೋದಳು, ಇನ್ನೊಬ್ಬ ಬಂದು ಕೂತ. ಮೈಸೂರಿನ ದೊಡ್ಡ ಆಸ್ಪತ್ರೆಯ ವಾರ್ಡಿನ ಕೊನೆಯಲ್ಲಿ, ಲಿನನ್ ಕೋಣೆಯ ಪಕ್ಕದ ಮೆಟ್ಟಿಲ ಮೇಲೆ ಕೂತು, ಅವನಿಗೆ ಈ ಅಂಕಿಗಳನ್ನು ಓದಲು ಕಲಿಸಿದವಳು ಜ್ಯೋತಿಲಕ್ಷ್ಮಿಯೇ. ಪುಸ್ತಕದ ಸೂತ್ರಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಅದನ್ನು ಊರ ಪಂಚಾಯಿತಿಯಂತೆ ಹೇಳುತ್ತಿದ್ದಳು. ಮೊದಲು, ಆಗಬಾರದ್ದು ಆಗಿದೆಯೇ ನೋಡು, ರಕ್ತ ಹುಳಿಯ ಕಡೆ ಜಾರಿದೆಯೋ ಕ್ಷಾರದ ಕಡೆಯೋ. ಆಮೇಲೆ, ಮಾಡಿದವರು ಯಾರು ಕೇಳು, ಉಸಿರೋ ಹೊಟ್ಟೆಯೋ ಕಿಡ್ನಿಯೋ. ಆಮೇಲೆ, ಅದನ್ನು ಮುಚ್ಚಿಹಾಕಲು ಓಡಿ ಬಂದವರು ಯಾರು ನೋಡು. ರಕ್ತ ಹುಳಿಯಾದರೆ ಉಸಿರು ಓಡಿಬರುತ್ತೆ, ಉಸಿರು ಕೆಟ್ಟರೆ ಕಿಡ್ನಿ ಓಡಿಬರುತ್ತೆ. ಇಷ್ಟು ಹೇಳಿ ಅವಳು ಪೆನ್ನಿನ ತುದಿಯಿಂದ ಅವನ ಮಂಡಿಯನ್ನು ಒತ್ತುತ್ತಿದ್ದಳು, ಮುಖ್ಯವಾದ್ದು ಬರುತ್ತಿದೆ ಎನ್ನುವ ಹಾಗೆ. ಮುಚ್ಚಿಹಾಕುವವರು ಎಷ್ಟೇ ಓಡಿದರೂ ಪೂರ್ತಿ ಮುಚ್ಚಲಾರರು, ಸ್ವಲ್ಪ ಉಳಿದೇ ಉಳಿಯುತ್ತೆ. ಏನೂ ಉಳಿದಿಲ್ಲ, ಎಲ್ಲ ಸರಿಯಾಗಿದೆ ಅಂತ ಕಂಡರೆ ಆಗ ನಂಬಬೇಡ, ಇನ್ನೊಬ್ಬ ಕಳ್ಳ ಒಳಗಿದ್ದಾನೆ. ಅವನು ಆ ಪೆನ್ನಿನ ಒತ್ತನ್ನು ಮಂಡಿಯ ಮೇಲೆ ಈಗಲೂ ಹುಡುಕಿದರೆ ಸಿಗುತ್ತಿತ್ತು. ಎದುರಿಗೆ ಕೂತವನು ಸಕ್ಕರೆ ಮಾತ್ರೆ ಬದಲಾಯಿಸಬೇಕೇ ಎಂದು ಎರಡನೇ ಸಲ ಕೇಳುತ್ತಿದ್ದ. ಬೇಡ ಅಂದ ಶಾಂತಮೂರ್ತಿ, ಮತ್ತು ಆಗ ಹಾರನ್ ಕೇಳಿಸಿತು.

ಲ್ಯಾಬಿನ ಕೋಮಲ ಫ್ಲಾಸ್ಕನ್ನು ತೆರೆದು ಸಿರಿಂಜನ್ನು ಅಂಗೈಗಳ ನಡುವೆ ಹೊರಳಿಸಿ ಮಿಶನ್ನಿನ ಮೂತಿಗೆ ಹಿಡಿದಳು. ಅವನು ಬಾಗಿಲಲ್ಲಿ ನಿಂತಿದ್ದ. ಡಾಕ್ಟರು ಬಂದು ನಿಲ್ಲುವಂಥ ಕೆಲಸವಲ್ಲ ಅದು, ಕೋಮಲಳಿಗೆ ಅಭ್ಯಾಸವಾಗಿತ್ತು. ಹೊದಿಕೆಯ ಮೇಲೆ ಚಿಕ್ಕಮಾದಮ್ಮ, ಲೊಕ್ಕನಹಳ್ಳಿ ಎಂದಿತ್ತು. ಸಕ್ಕರೆ ಕಾಯಿಲೆಯ ಹಳೆಯ ರೋಗಿ, ವಾಂತಿ ಮಾಡಿಕೊಂಡು ಬಂದಿದ್ದಾಳೆ, ಡ್ರಿಪ್ಪು ಏರಿಸಿದ ಮೇಲೆ ಎದ್ದು ಕೂತಿದ್ದಾಳೆ, ಸಕ್ಕರೆಯೂ ಇನ್ನೂರರ ಆಸುಪಾಸಿನಲ್ಲೇ ಇದೆ, ಸುಮ್ಮನೆ ಒಂದು ಸಲ ನೋಡಿಬಿಡೋಣವೆಂದು ಡಾಕ್ಟರಮ್ಮ ಕಳಿಸಿದರು ಎಂದು ನಟರಾಜು ಟೀ ಲೋಟ ಹಿಡಿದುಕೊಂಡು ವರದಿ ಒಪ್ಪಿಸಿದ. ಆ ಗಂಡ ಹೆಂಡತಿಗೆ ಊರ ಬಸ್ಸು ಹಿಡಿಯುವ ಅವಸರವಂತೆ, ಕತ್ತಲಾಗುವುದರೊಳಗೆ ಆನೆ ಕಾಯಲು ರಾಗಿ ಹೊಲದ ಅಟ್ಟಣೆಗೆ ಯಾರಾದರೂ ಹತ್ತಬೇಕಂತೆ. ಹಾಗೆಂದಾಗಲೇ ಮಿಶನ್ ಕಾಗದವನ್ನು ಹೊರಗೆ ಚಾಚಿತು. ಪಿಎಚ್ ಏಳು ಪಾಯಿಂಟ್ ನಾಲ್ಕು. ಕಾರ್ಬನ್ ಡೈಆಕ್ಸೈಡ್ ನಲವತ್ತು. ಬೈಕಾರ್ಬೊನೇಟ್ ಇಪ್ಪತ್ತನಾಲ್ಕು. ಪಾಠಪುಸ್ತಕದಲ್ಲಿ ಆರೋಗ್ಯವಂತನದೆಂದು ಅಚ್ಚು ಹಾಕುವ ಅಂಕಿಗಳು. ಎಲ್ಲಾ ನಾರ್ಮಲ್ ಅಲ್ವಾ ಸಾರ್ ಎಂದಳು ಕೋಮಲ. ನಾರ್ಮಲ್ ಎಂದರೆ ಒಂದು ಮಾತು. ನಾರ್ಮಲ್ ಎಂದು ಅವನು ಹೇಳುತ್ತಾನೆ, ಸರಿ ಎಂದು ಅವಳು ಹೇಳುತ್ತಾಳೆ, ಅಷ್ಟು ವರ್ಷದ್ದು ಅಲ್ಲಿಗೆ ಮುಗಿಯುತ್ತದೆ.

ಕಾಗದವನ್ನು ಕೋಣೆಗೆ ತಂದು ಮೇಜಿನ ಮೇಲೆ ಹರಡಿಕೊಂಡ. ಫೋನು ಮಾಡುವುದನ್ನು ತಡಮಾಡಲಿಕ್ಕೆಂದೇ ಕೆಳಗಿನ ಸಾಲುಗಳಿಗೆ ಕಣ್ಣಿಳಿಸಿದ. ಸಾಮಾನ್ಯವಾಗಿ ಯಾರೂ ಅಷ್ಟು ಕೆಳಗೆ ಇಳಿಯುವುದಿಲ್ಲ. ಸೋಡಿಯಂ ನೂರ ಮೂವತ್ತೆಂಟು. ಕ್ಲೋರೈಡ್ ಎಂಬತ್ತಾರು. ಎಂಬತ್ತಾರು ಎಂಬುದು ಕಣ್ಣಿಗೆ ಚುಚ್ಚಿತು. ಸೋಡಿಯಮ್ಮಿನಿಂದ ಕ್ಲೋರೈಡನ್ನೂ ಬೈಕಾರ್ಬೊನೇಟನ್ನೂ ಕಳೆದರೆ ಹನ್ನೆರಡರ ಆಸುಪಾಸು ಗ್ಯಾಪ್ ಉಳಿಯಬೇಕು. ಅದಕ್ಕಿಂತ ಎಷ್ಟು ಹೆಚ್ಚು ಉಳಿಯುತ್ತದೋ ಅಷ್ಟು ಹೆಸರಿಲ್ಲದ ಆಮ್ಲ ರಕ್ತದಲ್ಲಿ ಬಂದು ಕೂತಿದೆ ಎಂದರ್ಥ. ಕಳೆದ. ಇಪ್ಪತ್ತೆಂಟು. ಮತ್ತೆ ಕಳೆದ. ಹಾಗಾದರೆ ಒಂದು ಕಡೆಯಿಂದ ಆಮ್ಲ ಬಂದು ರಕ್ತವನ್ನು ಕೆಳಕ್ಕೆ ಎಳೆಯುತ್ತಿದೆ, ಇನ್ನೊಂದು ಕಡೆಯಿಂದ ವಾಂತಿ ಹೊಟ್ಟೆಯ ಹುಳಿಯನ್ನೆಲ್ಲ ಹೊರಗೆ ಹಾಕಿ ರಕ್ತವನ್ನು ಕ್ಷಾರದ ಕಡೆ ಮೇಲಕ್ಕೆ ಎಳೆಯುತ್ತಿದೆ. ಹಗ್ಗ ಎರಡೂ ಕಡೆಯಿಂದ ಬಿಗಿದು ನಡುವಿನ ಗಂಟು ಅಲುಗದೆ ನಿಂತಿದೆ. ಆ ನಿಂತದ್ದನ್ನೇ ಮಿಶನ್ ಆರೋಗ್ಯವೆಂದು ಬರೆದಿದೆ. ಆಮ್ಲ ಸಕ್ಕರೆ ಕಾಯಿಲೆಯದೇ ಇರಬೇಕು. ಉಪವಾಸವಿದ್ದವರಿಗೆ ಸಕ್ಕರೆ ಹೆಚ್ಚೇನೂ ಏರದೆಯೂ ರಕ್ತ ಹುಳಿಯಾಗುವುದುಂಟು. ಬಸ್ಸು ಹತ್ತಿದರೆ ಲೊಕ್ಕನಹಳ್ಳಿಗೆ ಮುಟ್ಟಿದ ಮೇಲೆ ವಾಂತಿ ನಿಲ್ಲುತ್ತದೆ. ವಾಂತಿ ನಿಂತೊಡನೆ ಹಗ್ಗದ ಒಂದು ತುದಿ ಬಿಟ್ಟುಹೋಗುತ್ತದೆ. ಕಾಡಂಚಿನ ಆ ಊರಿನಲ್ಲಿ, ಗಂಡ ಅಟ್ಟಣೆಯ ಮೇಲಿರುವಾಗ, ಬೆಳಗಾಗುವುದರೊಳಗೆ ಆ ಹೆಂಗಸು ಉಸಿರಿಗಾಗಿ ಬಾಯಿ ಬಿಡುತ್ತಾಳೆ.

ಇದನ್ನು ಯೋಚಿಸುವಾಗ ಅವನಿಗೆ ಆದದ್ದು ಸಂತೋಷ. ಹೇಸಿಗೆಯಾಗುವಷ್ಟು ಸ್ಪಷ್ಟವಾದ ಸಂತೋಷ: ಇನ್ನು ಫೋನಿನಲ್ಲಿ ಒಂದೇ ಮಾತಿಲ್ಲ, ಬೇಕಾದಷ್ಟಿದೆ. ಆ ಸಂತೋಷವೇ ಅವನಿಗೆ ತನ್ನ ಮೇಲೆ ಅನುಮಾನ ತಂದಿತು. ಇಪ್ಪತ್ತೆಂಟು ಇದೆಯೋ, ಅಥವಾ ಇರಲಿ ಎಂದು ತಾನು ಬಯಸಿದ್ದರಿಂದ ಕಾಣುತ್ತಿದೆಯೋ? ಕ್ಲೋರೈಡ್ ಅಳೆಯುವ ತಂತಿ ಹಳೆಯದಾದರೆ ಅಂಕಿ ತಪ್ಪುವುದುಂಟು. ಲ್ಯಾಬಿಗೆ ಹೋಗಿ ಉಳಿದ ರಕ್ತವನ್ನು ಮತ್ತೊಮ್ಮೆ ಮಿಶನ್ನಿಗೆ ಹಿಡಿಸಿದ, ಕೋಮಲ ಮಾತಾಡದೆ ಹಿಡಿದಳು, ಎಂಬತ್ತಾರೇ ಬಂತು. ಕ್ಲೋರೈಡ್ ಸರಿಯಾಗಿತ್ತು. ಆದರೆ ಜ್ಯೋತಿಲಕ್ಷ್ಮಿಗೆ ಅದನ್ನು ಹೇಳಬೇಕಾದ ತನ್ನ ಬಾಯಿ ಸರಿಯಿರಲಿಲ್ಲ. ಶಾಗ್ಯದ ದೊಡ್ಡಸಿದ್ದಯ್ಯ ಎಂಬ ಮುದುಕನ ರಕ್ತ ಬಂದಿತ್ತು ಒಂದು ಸಲ, ಹೋದ ಬೇಸಿಗೆಯಲ್ಲಿ. ಬಹಳ ದಿನ ವ್ಯಾನು ಬಂದಿರಲಿಲ್ಲ. ಅಂಕಿ ಹೇಳಿದ್ದೂ ಆಗಿತ್ತು, ಅವಳು ಸರಿ ಎಂದದ್ದೂ ಆಗಿತ್ತು, ಇಡುವ ಹೊತ್ತಿಗೆ ಅವನ ಬಾಯಿಂದ ಒಂದು ಮಾತು ಬಂದುಬಿಟ್ಟಿತು: ಸಿರಿಂಜಿನಲ್ಲಿ ಗುಳ್ಳೆ ಇತ್ತು ಅನ್ನಿಸುತ್ತೆ, ಗಾಳಿ ಸೇರಿದ್ದರೆ ಅಂಕಿ ನಂಬುವ ಹಾಗಿಲ್ಲ, ಇನ್ನೊಂದು ಸಲ ತೆಗೆದು ಕಳಿಸ್ತೀರಾ. ಗುಳ್ಳೆ ಇರಲಿಲ್ಲ. ಸಂಜೆ ಇನ್ನೊಂದು ಫೋನು ಮಾಡುವ ಆಸೆ ಮಾತ್ರ ಇತ್ತು. ಎರಡನೆಯ ಸಿರಿಂಜು ಬಂತು, ಅವನು ಫೋನು ಮಾಡಿದ, ಅವಳು ಸರಿ ಎಂದಳು. ಮುಂದಿನ ಸಲ ಯಾವುದೋ ಮಗುವಿನ ಅಂಕಿ ಕೇಳಿಸಿಕೊಂಡ ಮೇಲೆ, ದನಿ ಏರಿಸದೆ, ಇಳಿಸದೆ, ಆ ಮುದುಕನ ಮಣಿಕಟ್ಟು ಎರಡನೆಯ ಚುಚ್ಚಿಗೆ ಕಪ್ಪಗೆ ಊದಿ ಕೈ ಎತ್ತಲಾಗದೆ ವಾರವೆಲ್ಲ ಬೇರೆಯವರ ಕೈಯಲ್ಲಿ ಉಂಡನೆಂದು ಹೇಳಿದ್ದಳು. ನಾನೇ ಗುಳ್ಳೆ ತೆಗೆದು ಮುಚ್ಚಳ ಹಾಕಿದ್ದು ಮೂರ್ತಿಯವರೇ, ಎಂದಷ್ಟೇ ಅಂದು ಇಟ್ಟಿದ್ದಳು. ಅಲ್ಲಿಂದೀಚೆಗೆ ಸರಿ ಎಂಬ ಮಾತೂ ಚಿಕ್ಕದಾಗಿತ್ತು.

ಅದಕ್ಕಿಂತ ಹಿಂದಿನದು ಯಳಂದೂರಿನ ಅವನ ಮನೆಯ ನಡುಮನೆ. ಜ್ಯೋತಿಲಕ್ಷ್ಮಿಯನ್ನು ಮಧುವನಹಳ್ಳಿಯ ಚಿನ್ನಸ್ವಾಮಿಯ ಮಗಳು, ತನ್ನ ಜೊತೆಯ ಡಾಕ್ಟರು ಎಂದು ಅವನು ಪರಿಚಯ ಮಾಡಿಸಿದ್ದ. ಅವನ ತಂದೆ ಕೆಂಪನಂಜಪ್ಪ ಎದ್ದು ನಿಂತು ಕೈಮುಗಿದಿದ್ದರು, ಬಾರವ್ವ ಕೂತ್ಕೊ ಎಂದಿದ್ದರು, ಚಿನ್ನಸ್ವಾಮಿ ಕರೆಂಟಾಫೀಸಿನಲ್ಲಿ ಬಿಲ್ ಬರೆಯುತ್ತಿದ್ದವನಲ್ಲವೇ ಎಂದು ನಗುತ್ತ ನೆನೆದಿದ್ದರು. ತಾಯಿ ಶಿವರತ್ನಮ್ಮ ಒಳಗಿನಿಂದ ಟ್ರೇ ತಂದರು. ಎಲ್ಲರಿಗೂ ಸ್ಟೀಲ್ ಲೋಟ, ಅವಳಿಗೆ ಪೇಪರ್ ಲೋಟ. ಯಾವುದೋ ಗೃಹಪ್ರವೇಶಕ್ಕೆ ತಂದು ಉಳಿದಿದ್ದ, ಹೂವಿನ ಚಿತ್ರದ ಪೇಪರ್ ಲೋಟ. ಬಿಸಿ ಇದೆ ನೋಡ್ಕಂಡು ಕುಡಿಯವ್ವ ಎಂದು ತಾಯಿ ಅಕ್ಕರೆಯಿಂದಲೇ ಹೇಳಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ, ಎಲ್ಲವೂ ಎಷ್ಟು ಸರಿಯಾಗಿತ್ತೆಂದರೆ ಬೆರಳಿಟ್ಟು ತೋರಿಸುವಂಥದ್ದೇ ಇರಲಿಲ್ಲ. ಅವನು ತನ್ನ ಸ್ಟೀಲ್ ಲೋಟವನ್ನು ಕೆಳಗಿಡಬಹುದಿತ್ತು. ನನಗೂ ಅದರಲ್ಲೇ ಕೊಡಮ್ಮ ಎನ್ನಬಹುದಿತ್ತು. ಅವನು ಕುಡಿದ. ಕಾಫಿ ಚೆನ್ನಾಗಿತ್ತು ಎಂಬುದೂ ಅವನಿಗೆ ನೆನಪಿದೆ. ಅವಳು ಕುಡಿದು ಮುಗಿಸಿ, ಲೋಟವನ್ನು ಚಪ್ಪಟೆ ಮಾಡಿ, ಎರಡಾಗಿ ಮಡಿಸಿ, ಯಾರೂ ಕೇಳದಿದ್ದರೂ, 'ಪರವಾಗಿಲ್ಲ, ಇರಲಿ' ಎಂದು ತನ್ನ ಕೈಚೀಲದಲ್ಲಿ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಸುವರ್ಣಾವತಿಯ ನೀರಿನ ಬಗ್ಗೆ, ಈ ವರ್ಷದ ಭತ್ತದ ಬಗ್ಗೆ ಅವನು ಮಾತಾಡಿದ. ಆಮೇಲೆ ಭವ್ಯಶ್ರೀಯ ಜಾತಕ ಬಂತು. ಭವ್ಯಶ್ರೀ ಒಳ್ಳೆಯವಳು, ಇಂದು ಬೆಳಿಗ್ಗೆಯೂ ಡಬ್ಬಿಯಲ್ಲಿ ಅಕ್ಕಿರೊಟ್ಟಿಯ ಜೊತೆ ಅವನಿಗೆ ಇಷ್ಟವೆಂದು ಹುಚ್ಚೆಳ್ಳು ಚಟ್ನಿ ಇಟ್ಟಿದ್ದಳು. ಅವನ ಮನೆಯಲ್ಲಿ ಯಾರಿಗೂ ಏನೂ ಕಡಿಮೆಯಿರಲಿಲ್ಲ.

ಫೋನು ಎತ್ತಿದ. ಅವಳು ಬೇಗ ತೆಗೆದುಕೊಂಡಳು. ಹಿಂದೆ ಎಲ್ಲೋ ಡ್ರಿಲ್ಲಿನ ಸದ್ದು, ಹೊಸ ಮಿಶನ್ನಿಗೆ ಗೋಡೆ ಕೊರೆಯುತ್ತಿದ್ದರೋ ಏನೋ. ಅವನು ಮೊದಲ ಮೂರು ಅಂಕಿ ಹೇಳಿದ.

"ಸರಿ. ಹಾಗಾದ್ರೆ ಕಳಿಸ್ತೀನಿ," ಎಂದಳು ಜ್ಯೋತಿಲಕ್ಷ್ಮಿ. "ಅವರ ಯಜಮಾನರು ಆಗಲೇ ಚೀಲ ಕಟ್ಕಂಡು ಬಾಗಿಲಲ್ಲೇ ನಿಂತವ್ರೆ."

"ಕಳಿಸಬೇಡಿ. ಕ್ಲೋರೈಡ್ ಎಂಬತ್ತಾರು ಇದೆ. ಗ್ಯಾಪ್ ಇಪ್ಪತ್ತೆಂಟು."

ಡ್ರಿಲ್ಲು ನಿಂತು ಮತ್ತೆ ಶುರುವಾಯಿತು.

"ಆವತ್ತು ಗುಳ್ಳೆ," ಎಂದಳು. "ಇವತ್ತು ಗ್ಯಾಪು."

ಲ್ಯಾಬಿನ ಬಾಗಿಲಲ್ಲಿ ಕೋಮಲ ಏನನ್ನೋ ಒರೆಸುತ್ತ ನಿಂತಿದ್ದಳು, ಕೇಳಿಸಿತೇ? ಕೇಳಿಸಲಿ ಅನ್ನಿಸಿತು. ನೀವೇ ಲೆಕ್ಕ ಹಾಕಿ ನೋಡಿ ಎಂದು ಅವನು ಅಂದಾಗ, ಲೆಕ್ಕ ಹಾಕುವುದಕ್ಕೆ ಅಂಕಿ ಕೊಟ್ಟವರು ನೀವೇ ಅಲ್ಲವೇ ಎಂದು ಅವಳು ಕೇಳಿದಳು. ವಾಂತಿ ಕಡಿಮೆಯಾಗಿದೆ, ಎದ್ದು ಕೂತಿದ್ದಾಳೆ, ಉಸಿರು ಸಲೀಸಾಗಿದೆ, ಹೊಟ್ಟೆ ಮೆತ್ತಗಿದೆ. ಇನ್ನೊಂದು ಸಲ ಚುಚ್ಚಿ ಕಳಿಸು ಅಂತೀರಾ? ಈಕೆಯ ಕೈ ಎಷ್ಟು ತೆಳುವಾಗಿದೆ ಗೊತ್ತಾ? ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ತನ್ನ ಒಂದು ಸಂಜೆಯ ಆಸೆಗೆ ಲೊಕ್ಕನಹಳ್ಳಿಯ ಈ ಹೆಂಗಸು ಬೆಲೆ ತೆರುವಂತಾಗಿದೆಯೆಂದು, ತಾನು ಏನೆಂದರೂ ಅವಳ ಕಿವಿಯಲ್ಲಿ ಅದು ಗುಳ್ಳೆಯೇ ಎಂದು ಅವನಿಗೆ ತಿಳಿಯಿತು. ಕರೆಯನ್ನು ಉದ್ದ ಮಾಡುವ ಆಸೆ, ಇದ್ದಕ್ಕಿದ್ದಂತೆ, ಇಲ್ಲವಾಯಿತು. ಅವಳು ನಂಬಿದರೆ ಸಾಕು, ಈಗಲೇ ಇಟ್ಟರೂ ಸರಿ.

"ಚುಚ್ಚಬೇಡಿ," ಎಂದ. "ರಕ್ತ ಬೇಡವೇ ಬೇಡ. ಉಚ್ಚೆಗೆ ಒಂದು ಪಟ್ಟಿ ಅದ್ದಿ ನೋಡಿ. ಅದಕ್ಕೂ ಮೊದಲು ಆಕೆ ಏನು ಉಂಡಳು, ಏನು ಕುಡಿದಳು ಕೇಳಿ. ಎಲ್ಲಾ ಸರಿಯಾಗಿದೆ ಅಂತ ಕಂಡರೆ ಇನ್ನೊಬ್ಬ ಒಳಗಿದ್ದಾನೆ ಅಂತ ಹೇಳಿಕೊಟ್ಟೋರು ನೀವೇ."

ಅವಳು ಫೋನನ್ನು ಎಲ್ಲಿಯೋ ಇಟ್ಟ ಸದ್ದಾಯಿತು, ಕರೆ ಕತ್ತರಿಸಲಿಲ್ಲ. ಹೆಜ್ಜೆ. ಕಬ್ಬಿಣದ ಮಂಚದ ಕಿರ್ರು. ಆಮೇಲೆ ಅವಳದೇ ದನಿ, ಆದರೆ ಅವನೊಡನೆ ಎಂದೂ ಆಡದ ದನಿ, ಮಧುವನಹಳ್ಳಿಯ ಬೀದಿಯದು.

"ಅವ್ವೋ, ವಾಂತಿಗ್ ಮುಂಚೆ ಏನಾರ ಕುಡುದ್ರಾ? ಮುಚ್ಚಬ್ಯಾಡಿ, ಬಯ್ದಾಡಲ್ಲ ನಾನು."

"ಏನ್ ಕುಡುದೇನು ಮಗ್ಳೆ, ಉಪಾಸ ಇವ್ನಿ. ಮಾದಪ್ಪುನ್ಗೆ ಅರ್ಕೆ. ಎದೆ ಉರೀತಿತ್ತು, ಅಂಗ್ಡಿ ಸೋಡಾಪುಡಿಯ ನಿಂಬೆಅಣ್ಣಿಗೆ ಆಕಂಡ್ ಕುಡುದೆ."

"ಎಷ್ಟ್ ಸಲ?"

"ಉರುದಾಗೆಲ್ಲ ಕುಡುದೆ. ಅದ್ಕೇನ್ ಲೆಕ್ಕ ಮಡಿಕಂಡಿದ್ದನ?"

ಸೋಡಾಪುಡಿ. ಶಾಂತಮೂರ್ತಿ ಕಣ್ಣು ಮುಚ್ಚಿದ. ವಾಂತಿ ಒಂದೇ ಅಲ್ಲ. ಕ್ಷಾರವನ್ನು ಆಕೆ ಲೋಟಗಟ್ಟಲೆ ಕೈಯಾರೆ ಕುಡಿದಿದ್ದಾಳೆ, ತನ್ನೊಳಗೆ ಏರುತ್ತಿದ್ದ ಹುಳಿಯನ್ನು ತಾನೇ ಮುಚ್ಚಿದ್ದಾಳೆ. ಅಷ್ಟರಲ್ಲಿ ಗಂಡಸಿನ ದನಿ ನಡುವೆ ಬಂತು, ಆಕೆಯ ಗಂಡನಿರಬೇಕು. ಹೊಲಕ್ಕೆ ಆನೆ ಇಳಿಯದಿರಲಿ ಎಂದು ಇವಳು ಹರಕೆ ಕಟ್ಟಿಕೊಂಡು ಅನ್ನ ಬಿಟ್ಟಳೆಂದೂ, ಆನೆಯೇನೋ ಇಳಿಯಲಿಲ್ಲ, ಇವಳೇ ಬಿದ್ದುಕೊಂಡಳೆಂದೂ ಆತ ಹೇಳುತ್ತಿದ್ದ. ಇನ್ಸುಲಿನ್ ಸೂಜಿಯನ್ನಾದರೂ ತೆಗೆದುಕೊಂಡಳೇ ಎಂದು ಜ್ಯೋತಿಲಕ್ಷ್ಮಿ ಕೇಳಿದಳು.

"ಎಲ್ ತಕಂಡಾಳು? ಉಣ್ಣದೆ ಸೂಜಿ ಆಕಂಡ್ರೆ ತಲೆ ತಿರುಗಿ ಬಿದ್ದೋಯ್ತೀಯ ಅಂತ ನೀವೇ ಅಲ್ವರಾ ಡಾಕ್ಟ್ರವ್ವ ಯೋಳಿದ್ದು? ನೀವ್ ಯೋಳ್ದಂಗೇ ನಡ್ಕಂಡವಳೆ, ಒಂದಿನಾನೂ ತಪ್ಪಿಲ್ಲ."

ಅಲ್ಲಿ ಒಂದು ಮೌನ. ಅದು ಎಂಥದೆಂದು ಅವನಿಗೆ ಗೊತ್ತಿತ್ತು. ತಾನು ಒಳ್ಳೆಯದಕ್ಕೆಂದೇ ಆಡಿದ ಮಾತು ಇನ್ನೊಬ್ಬರ ಮೈಯಲ್ಲಿ ಹುಳಿಯಾಗಿ ನಿಂತದ್ದನ್ನು ಕಾಣುವ ಮೌನ. ಅದನ್ನು ಅವಳು ಅನುಭವಿಸಬಾರದಿತ್ತು, ಅದರ ಹಕ್ಕು ತನ್ನದು ಎಂದು ಅವನಿಗೆ ಅನ್ನಿಸಿತು. ಓಡಿಹೋಗಿ ಅವಳ ಪಕ್ಕದಲ್ಲಿ ಆ ಕಬ್ಬಿಣದ ಮಂಚದ ಕಾಲಬುಡದಲ್ಲಿ ಸುಮ್ಮನೆ ನಿಲ್ಲಬೇಕೆನ್ನಿಸಿತು. ಯಾರೋ ಬಕೆಟ್ ತರುವ ಸದ್ದು, ನೀರಿನ ಸದ್ದು, ಬಾಗಿಲ ಸದ್ದು. ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತ. ಎದುರಿಗೆ ಬಂದು ಕೂತ ರೋಗಿಗೆ ಕೈಸನ್ನೆಯಿಂದ ಕಾಯಲು ಹೇಳಿದ. ಕೊನೆಗೆ ಅವಳು ಫೋನಿಗೆ ಬಂದಳು. ಉಸಿರು ಮಾತ್ರ ಬಂತು ಮೊದಲು.

"ನೇರಳೆ," ಎಂದಳು. "ಪಟ್ಟಿ ಕಡುನೇರಳೆ ಆಯ್ತು."

ಹೆಸರಿಲ್ಲದ ಆಮ್ಲ ಸಿಕ್ಕಿಬಿದ್ದಿತ್ತು. ಅದರ ನಂತರದ್ದೆಲ್ಲ ಕೆಲಸದ ಮಾತು. ಸಲೈನು, ಇನ್ಸುಲಿನ್, ಪೊಟ್ಯಾಸಿಯಂ ಇಳಿಯದ ಹಾಗೆ ಕಾಯುವುದು. ಇಬ್ಬರೂ ಒಬ್ಬರ ಮಾತನ್ನೊಬ್ಬರು ಮುಗಿಸುತ್ತ, ಮೆಟ್ಟಿಲ ಮೇಲೆ ಕೂತ ಕಾಲದ ವೇಗದಲ್ಲಿ ಹೇಳಿಕೊಂಡರು. ಅಟ್ಟಣೆಗೆ ಪಕ್ಕದ ಹೊಲದವರನ್ನು ಹತ್ತಿಸಲು ಆಕೆಯ ಗಂಡ ಊರಿಗೆ ಫೋನು ಮಾಡಿದ್ದಾನೆ, ಚೀಲ ಬಿಚ್ಚಿದ್ದಾನೆ. ನಾಳೆಯಿಂದ ನಿಮ್ಮದೇ ಮಿಶನ್ ಅಂತೆ ಎಂದು ಅವನು ಅಂದ. ಅಂದಮೇಲೆ ಅದನ್ನು ಹಾಗೆ ಹೇಳಬಾರದಿತ್ತು ಅನ್ನಿಸಿತು. ಹೌದು, ಎಂದಳು ಅವಳು. ಡ್ರಿಲ್ಲು ನಿಂತಿತ್ತು. ಇಬ್ಬರ ನಡುವೆ ಈಗ ಯಾರ ರಕ್ತವೂ ಇರಲಿಲ್ಲ. ಪೇಪರ್ ಲೋಟದ ಮಾತು ಅವನ ಗಂಟಲಿನವರೆಗೆ ಬಂತು. ಅದನ್ನು ಅವಳು ಎಲ್ಲಿ ಎಸೆದಳು, ಬಸ್ಸಿನಲ್ಲೋ, ಮನೆಗೆ ಹೋಗಿಯೋ, ಇಷ್ಟು ವರ್ಷ ಅವನು ಕೇಳಬೇಕೆಂದಿದ್ದದ್ದು ಅದೊಂದೇ. ರೋಗಿ ಕೆಮ್ಮಿದ. "ಇಡ್ತೀನಿ, ಆಕೆಗೆ ಸಲೈನ್ ಹಾಕಬೇಕು," ಎಂದಳು ಅವಳು, ಇಟ್ಟಳು. ಸಂಜೆ ನಟರಾಜು ಖಾಲಿ ಫ್ಲಾಸ್ಕು ತೆಗೆದುಕೊಂಡು ಹೋದ. ತೊಳೆದು ಕೊಡಿ ಎಂದು ಶಾಂತಮೂರ್ತಿ ಕೋಮಲಳಿಗೆ ಹೇಳಿದ್ದ. ಆಮೇಲೆ ತಾನೇ ತೊಳೆದಿದ್ದ.

ಮರುದಿನ ಯಳಂದೂರಿನಿಂದ ಬರುವಾಗ ಗದ್ದೆಗಳ ಮೇಲೆ ಮಂಜು ಕೂತಿತ್ತು. ಸ್ಟೀರಿಂಗಿನ ಹಿಂದೆ ಕೂತವನಿಗೆ ಇನ್ನು ಮುಂದೆ ಕಿವಿಗೆ ಕೆಲಸವಿಲ್ಲವೆಂಬುದು ಮೈಯಲ್ಲೆಲ್ಲ ಒಂದು ಬಿಡುವಿನಂತೆ, ಹಲ್ಲು ಕಿತ್ತ ಜಾಗವನ್ನು ನಾಲಗೆ ಮತ್ತೆ ಮತ್ತೆ ಮುಟ್ಟುವಂತೆ ಇತ್ತು. ಚಿಕ್ಕಮಾದಮ್ಮ ಹೇಗಿದ್ದಾಳೆಂದು ಕೇಳಲು ಫೋನು ಮಾಡಬಹುದು. ಮಾಡಬಾರದು, ಅದೂ ಗುಳ್ಳೆಯೇ. ಕೋಣೆಯಲ್ಲಿ ಜನ ಬಂದರು, ಹೋದರು. ಅವನು ಎಲ್ಲರ ಮಾತನ್ನೂ ಪೂರ್ತಿ ಕೇಳಿದ; ಎಷ್ಟೋ ವರ್ಷಗಳ ಮೇಲೆ ಹಾಗೆ ಕೇಳುತ್ತಿದ್ದೇನೆಂದು ಅವನಿಗೆ ನಾಚಿಕೆಯಾಯಿತು. ಹಾಗಾಗಿ ಹಾರನ್ ಹೊಡೆದಾಗ ಅದು ಅವನಿಗೆ ತಕ್ಷಣ ಕೇಳಿಸಲಿಲ್ಲ. ನಟರಾಜು ಫ್ಲಾಸ್ಕು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ.

"ಮಿಶನ್ ಕೆಟ್ಟೋಯ್ತೇನಪ್ಪ?"

"ಇಲ್ಲ ಸಾ, ಬೆಳಿಗ್ಗೆಯಿಂದ್ಲೂ ಓಡ್ತಾ ಅದೆ. ಅಮ್ಮಾರು ಚಿಕ್ಕಮಾದಮ್ಮನ ರಕ್ತವ ನಮ್ಮ ಮಿಶನ್‌ಗೇ ಇಡುದ್ರು, ಅಂಕಿ ಚೆಂದಾಗ್ ಬಂತು ಅಂದ್ರು. ಅಜ್ಜಿ ಗಂಜಿ ಕುಡೀತಾವ್ಳೆ." ನಟರಾಜು ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ತನಗೂ ಅರ್ಥವಾಗದ್ದನ್ನು ಒಪ್ಪಿಸುವವನಂತೆ ತಲೆ ಕೆರೆದ. "ಉಳುದದ್ದ ಇದ್ರಲ್ಲಿ ಆಕಿ ಕೊಟ್ರು. ಇದ್ಕೋಸ್ಕರ ಇನ್ನೊಂದ್ ಸಲ ಚುಚ್ಚಿಲ್ಲ ಅಂತ ಡಾಕ್ಟ್ರಿಗೆ ಯೋಳು ಅಂದ್ರು. ಅಷ್ಟೇ ಸಾ."

ಅವನು ಹೋದ ಮೇಲೆ ಶಾಂತಮೂರ್ತಿ ಮುಚ್ಚಳ ತಿರುಗಿಸಿದ. ಕಿತ್ತಳೆ ನೀರಿನಲ್ಲಿ ಕ್ಯಾಂಡಿಯ ಕಡ್ಡಿಗಳು ತೇಲುತ್ತಿದ್ದವು. ಸಿರಿಂಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮಿಶನ್ ಹೀರಿ ಬಿಟ್ಟ ಜಾಗದಲ್ಲಿ ಗಾಳಿ ಸೇರಿ, ಕಡುಗೆಂಪಿನ ಮೇಲೆ ಮುತ್ತಿನಂಥ ಒಂದು ಗುಳ್ಳೆ, ಅವನ ಕೈ ಓರೆಯಾದ ಕಡೆಗೆಲ್ಲ ನಿಧಾನವಾಗಿ ಹತ್ತುತ್ತಿತ್ತು. ಈ ರಕ್ತದಿಂದ ಯಾವ ಅಂಕಿ ಬಂದರೂ ಅದು ಸುಳ್ಳು. ಅದನ್ನು ಕಳಿಸಿದವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಕೋಮಲ ಬಾಗಿಲಲ್ಲಿ ಕೈಚಾಚಿ ನಿಂತಿದ್ದಳು. ಅವನು ಬೇಡವೆಂದು ತಲೆಯಾಡಿಸಿದ, ಸಿರಿಂಜನ್ನು ಕೈಯಲ್ಲೇ ಹಿಡಿದುಕೊಂಡು ಇನ್ನೊಂದು ಕೈಯಿಂದ ಫೋನು ಮಾಡಿದ. ಓದಿ ಹೇಳಲು ಎದುರಿಗೆ ಕಾಗದವಿರಲಿಲ್ಲ.

"ಹೇಳಿ," ಎಂದಳು ಅವಳು.

"ಗುಳ್ಳೆ ಇದೆ," ಎಂದ.

"ಇರ್ಲಿ," ಎಂದಳು ಜ್ಯೋತಿಲಕ್ಷ್ಮಿ. ಇಡಲಿಲ್ಲ.